ನಾನು ಓದಿ ಹೇಳಿದ ಆನೆ

ಮೊಮ್ಮಗಳು ಮೋಕ್ಷಿತಾಳನ್ನ ನಾನು ಮೊದಲು ನೋಡಿದ್ದು ಮೂಡಲಪಾಳ್ಯದ ನರ್ಸಿಂಗ್ ಹೋಮಿನಲ್ಲಿ. ಟವೆಲ್ಲಿನಲ್ಲಿ ಸುತ್ತಿಟ್ಟ ಬಿಸಿ ಕಡುಬಿನ ಹಾಗಿದ್ದಳು. ಮುತ್ತಿಡೋಣ ಅಂತ ಬಗ್ಗಿದೆ. ಅಷ್ಟರಲ್ಲಿ ಸೊಸೆ ರಮ್ಯಶ್ರೀ ಮಂಚದ ಮೇಲಿಂದಲೇ ಅಪ್ಪಣೆ ಹೊರಡಿಸಿದಳು.

"ಅತ್ತೆ, ಮಗೂಗೆ ದಿನಾ ಪುಸ್ತಕ ಓದಿ ಹೇಳ್ಬೇಕಂತೆ. ಡಾಕ್ಟ್ರು ಹೇಳಿದ್ರು."

"ಇನ್ನೂ ಕಣ್ಣೇ ಸರಿಯಾಗಿ ಬಿಟ್ಟಿಲ್ಲ ಕಣಮ್ಮ!"

"ಕಿವಿ ಇದೆಯಲ್ಲ! ಕೇಳ್ತಾ ಕೇಳ್ತಾ ಮಾತು ಬೇಗ ಬರತ್ತಂತೆ. ನಾನು ಕೆಲಸಕ್ಕೆ ಹೋದ್ಮೇಲೆ ಓದೋರು ಯಾರು? ಡೇಕೇರ್‌ಗೆ ಹಾಕಿಬಿಡೋಣ."

ಡೇಕೇರ್! ನಾನು ಗಟ್ಟಿಮುಟ್ಟಾಗಿ ಬದುಕಿರುವಾಗ! ಯಜಮಾನ್ರು ಹೋದ ಮೇಲೆ ನಾನು ಗೋಡೆ ಜೊತೆ ಮಾತಾಡಿ ಮಾತಾಡಿ, ಗೋಡೆಗೂ ಬೇಜಾರಾಗಿತ್ತು. ಈ ಕೂಸನ್ನ ಬಿಟ್ಟುಕೊಡ್ತೀನಾ?

"ನಾನಿಲ್ವಾ? ಓದೋದೇನು ಮಹಾ ವಿದ್ಯೆ!" ಅಂದುಬಿಟ್ಟೆ.

ನನ್ನ ಪಾಂಡಿತ್ಯ ಎಂಥದ್ದು ಅಂದ್ರೆ, ಬಸ್ಸಿನ ಬೋರ್ಡಿನಲ್ಲಿ 'ವಿಜಯನಗರ' ಅಂತ ಅಕ್ಷರ ಕೂಡಿಸಿ ಓದೋ ಹೊತ್ತಿಗೆ ಬಸ್ಸು ವಿಜಯನಗರ ಮುಟ್ಟಿರತ್ತೆ. ಸೊಸೆ ತಂದದ್ದೋ ದಪ್ಪ ರಟ್ಟಿನ ಇಂಗ್ಲಿಷ್ ಪುಸ್ತಕ! ಮೊದಮೊದಲು ತೊಂದರೆ ಇರಲಿಲ್ಲ. ಮಗುವೇ ಅದನ್ನ ಬಾಯಲ್ಲಿ ಓದಿ, ಎರಡು ಮೂಲೆ ಅರಗಿಸಿಕೊಂಡಿತು. ಆಮೇಲೆ ನನ್ನ ಮುಖ ನೋಡೋಕೆ ಶುರು ಮಾಡ್ತು.

ಅಕ್ಷರ ಬರದಿದ್ರೇನು, ಚಿತ್ರ ಇತ್ತಲ್ಲ! ಸೊಂಡಿಲ ತುಂಬ ನೀರು ಹೀರ್ತಿದ್ದ ಆನೆಯನ್ನ ಕೆಳಗಿನ ಮನೆ ಓನರ್ ಬೋರಮ್ಮ ಮಾಡಿದೆ. ಕಣ್ಣು ಬಿಟ್ಕೊಂಡು ಕೂತ ಗೂಬೆಯನ್ನ... ಅದನ್ನ ಆಮೇಲೆ ಹೇಳ್ತೀನಿ. ಕೊನೆ ಪುಟದಲ್ಲೊಂದು ಕತ್ತೆ. ಇಡೀ ಬೀದಿ ಹುಡುಕಿದ್ರೂ ಅದಕ್ಕೆ ಒಪ್ಪೋರು ಸಿಗಲಿಲ್ಲ, ಖಾಲಿ ಬಿಟ್ಟೆ.

ಮಗುವಿಗೆ ಮಾತು ಬೇಗ ಬಂತು. ಸುಳ್ಳಲ್ಲ, ಡಾಕ್ಟರು ಹೇಳಿದ ಹಾಗೇ ಬಂತು! "ನೋಡಿದ್ರಾ ಅತ್ತೆ, ಓದಿನ ಮಹಿಮೆ!" ಅಂತ ಸೊಸೆ ಹಿಗ್ಗಿದಳು.

ವರಮಹಾಲಕ್ಷ್ಮಿ ಹಬ್ಬದ ದಿನ ಬೋರಮ್ಮ ಕುಂಕುಮಕ್ಕೆ ಬಂದ್ರು. ಸೊಸೆ ಸುಮ್ಮನಿರಬಾರದಾ? "ಮೋಕ್ಷಿ, ಆಂಟಿಗೆ ಪುಸ್ತಕ ಓದಿ ತೋರ್ಸು!"

ಮೋಕ್ಷಿ ಆನೆಯ ಮೇಲೆ ಬೆರಳಿಟ್ಟಳು. "ಇದು ಬೋರಮ್ಮ. ನೀರೆಲ್ಲ ಇವಳಿಗೇ ಬೇಕು. ಮೇಲಿನ ಮನೆಗೆ ಮೋಟರ್ ಹಾಕಲ್ಲ."

ಬೋರಮ್ಮನ ಬಾಯಲ್ಲಿದ್ದ ಕೋಸಂಬರಿ ಅಲ್ಲೇ ನಿಂತಿತು. "ನಮ್ಮ ಮೋಟರ್ ವಿಷಯ ಪುಸ್ತಕದಲ್ಲೂ ಬಂದಿದೆಯೇನ್ರೀ?"

ಸೊಸೆ ಸೆರಗು ಬಾಯಿಗಿಟ್ಟು ನಗು ತಡೀತಿದ್ದಳು. ಮಗು ಪುಟ ತಿರುವಿತು.

"ಇದು ಅಮ್ಮ ಗೂಬೆ. ರಾತ್ರಿಯೆಲ್ಲ ಫೋನ್ ನೋಡ್ತಾಳೆ. ಬೆಳಿಗ್ಗೆ ಹಾಲು ಉಕ್ಕಿಸ್ತಾಳೆ."

ನಗು ನಿಂತಿತು. ಬೋರಮ್ಮ ಎಲೆ ಅಡಿಕೆ ಅಲ್ಲೇ ಬಿಟ್ಟು ದಡದಡ ಕೆಳಗಿಳಿದ್ರು. ಸೊಸೆ ಪುಸ್ತಕ ನನ್ನ ಮುಂದೆ ಹಿಡಿದಳು.

"ಅತ್ತೆ, ಇಲ್ಲೇನು ಬರೆದಿದೆ, ಓದಿ."

"ಕನ್ನಡಕ ಒಳಗಿದೆ ಕಣಮ್ಮ."

"ನಿಮ್ಮ ಮೂಗಿನ ಮೇಲಿದೆ."

ಮುಗೀತು, ನಾಳೆ ಡೇಕೇರ್, ಮತ್ತೆ ನಾನು, ನನ್ನ ಗೋಡೆ! ಮಗುವನ್ನ ತಬ್ಬಿಕೊಂಡು ಕೂತೆ. ಸೊಸೆ ಪುಸ್ತಕ ಮುಚ್ಚಿಟ್ಟಳು.

"ಡೇಕೇರ್‌ಗೆ ಹಾಕೇ ಹಾಕ್ತಿದ್ದೆ. ಆದ್ರೆ ಇವಳು ಅಲ್ಲೂ ಹೋಗಿ ಇದನ್ನೇ ಓದಿದ್ರೆ? ಬೇಡಪ್ಪ, ಮನೆಯಲ್ಲೇ ಇರ್ಲಿ! ನಾಳೆಯಿಂದ ನಿಮಗೂ ಪಾಠ."

ಮಾರನೇ ದಿನ ಬೆಳಿಗ್ಗೆ ಯಾರೂ ಕೇಳದೇ ಕೆಳಗೆ ಮೋಟರ್ ಗುಂಯ್ ಅಂತು. ಟ್ಯಾಂಕ್ ತುಂಬಿ ಹರೀತು! ಮಕ್ಕಳಿಗೆ ಓದಿ ಹೇಳಿದ್ರೆ ಎಷ್ಟೊಂದು ಲಾಭ ಅಂತ ನಾನು ಬೀಗುತ್ತಾ ಕೂತಿದ್ದೆ. ಮೋಕ್ಷಿ ಪುಸ್ತಕ ತಂದು ತೊಡೆ ಮೇಲೆ ಹತ್ತಿದಳು. ಕೊನೆ ಪುಟ ತೆಗೆದಳು. ಕತ್ತೆಯನ್ನ ನೋಡಿದಳು, ನನ್ನನ್ನ ನೋಡಿದಳು, ಮತ್ತೆ ಕತ್ತೆಯನ್ನ ನೋಡಿದಳು.

"ಅಜ್ಜೀ, ಇದು ನೀನೇ ಅಲ್ವಾ?"