ಒಂದು ಗ್ರಾಂ ಪೊಟ್ಟಣದ ದೊರೆಗಳಿಗೆ, ಹಸಿರು ಕಿತ್ತಳೆಗಳ ವಿಷಯವಾಗಿ

ಶ್ರೀಮನ್ಮಹಾರಾಜಶ್ರೀ ಜಿಬ್ಬರೆಲಿಕ್ ಆಮ್ಲದವರ ದಿವ್ಯ ಸನ್ನಿಧಾನಕ್ಕೆ,
ಸಸ್ಯ ಹಾರ್ಮೋನು ಕುಲತಿಲಕರು,
ಮುಕ್ಕಾಂ: ನಮ್ಮ ಸ್ಟೋರಿನ ಮೇಲಿನ ಕಪಾಟು.

ಮಾನ್ಯರೇ,

ಹೊಂಗಡಹಳ್ಳದ ಕಾಫಿ ಗಿಡಗಳ ನಡುವೆ ಅರವತ್ತೆಂಟು ಕಿತ್ತಳೆ ಮರಗಳನ್ನು, ಪಂಪಿನ ಒಂದು ಹನಿ ನೀರೂ ಕಾಣಿಸದೆ, ಆಕಾಶವೊಂದನ್ನೇ ನಂಬಿ ಸಾಕಿಕೊಂಡಿರುವ ರಂಗಸ್ವಾಮಿಯ ಉದ್ದಂಡ ನಮಸ್ಕಾರಗಳು! ಮೊದಲು ತಮ್ಮ ಪರಾಕ್ರಮವನ್ನು ಹೊಗಳುತ್ತೇನೆ, ದೂರು ಆಮೇಲೆ. ನಾಟಕ ಕಂಪನಿಯ ಟೆಂಟಿನಲ್ಲಿ ಬೆಳೆದವನಿಗೆ ನಾಂದಿಯಿಲ್ಲದೆ ಜಗಳ ಶುರು ಮಾಡಿ ಅಭ್ಯಾಸವಿಲ್ಲ.

ತಾವು ಬರುವುದಕ್ಕೆ ಮುಂಚೆ ನಮ್ಮ ಎಳೆಗಾಯಿಗಳು ಬಟಾಣಿ ಗಾತ್ರಕ್ಕೆ ಬಂದದ್ದೇ ತಡ, ಬಿಸಿಲು ಜಾಸ್ತಿಯಾಯಿತೆಂದು ಅರ್ಧ, ಮಳೆ ಜಾಸ್ತಿಯಾಯಿತೆಂದು ಇನ್ನರ್ಧ ಉದುರಿ ಹೋಗುತ್ತಿದ್ದವು. ಸಕಲೇಶಪುರದ ಬಸ್ ನಿಲ್ದಾಣದ ಬಳಿ ಹಣ್ಣಿನ ಅಂಗಡಿ ಇಟ್ಟಿರುವ ಅಖ್ತರುನ್ನೀಸಾ, ಅಂದರೆ ನಮ್ಮ ಅಖ್ತರಕ್ಕ, ಇಪ್ಪತ್ತೆರಡು ವರ್ಷಗಳಿಂದ ಮುಂಭಾಗದ ಹಲಗೆಯೊಂದನ್ನು ನಮ್ಮ ಹಣ್ಣಿಗೇ ಮೀಸಲಿಟ್ಟು, ‘ಹೊಂಗಡಹಳ್ಳದ ಕಿತ್ತಳೆ’ ಎಂದು ರಟ್ಟಿನ ಮೇಲೆ ಬರೆಸಿ ನಿಲ್ಲಿಸಿದ್ದಾರೆ. ಕಳೆದ ಸಲ ನಾನು ಎರಡೇ ಕುಕ್ಕೆ ಹಿಡಿದು ಹೋದಾಗ ಆಕೆ, “ರಂಗಸ್ವಾಮಣ್ಣ, ಖಾಲಿ ಹಲಗೆ ಮ್ಯಾಲೆ ನಾನೇ ಹತ್ತಿ ಕುತ್ಕಳ್ಳಾ? ಬರೋ ವರ್ಸ ಹಲಗೆ ತುಂಬ್ಲಿಲ್ಲ ಅಂದ್ರೆ ನಾಗಪುರದ್ದು ಇಟ್ಬುಡ್ತೀನಿ ಕಣ್ರೀ” ಎಂದು ಶಾಸನ ಹೊರಡಿಸಿದರು. ಆ ರಟ್ಟು ಇಳಿದರೆ ನಮ್ಮೂರಿನ ಹೆಸರು ಉಳಿಯುವುದು ಬಸ್ಸಿನ ಬೋರ್ಡಿನಲ್ಲಿ ಮಾತ್ರ.

ಆಗ ತಾವು ಪೊಟ್ಟಣದಲ್ಲಿ ಬಿಜಯಂಗೈದಿರಿ. ನೇರವಾಗಿ ನೀರಿಗಿಳಿಯಲು ಒಪ್ಪದೆ ಮೊದಲು ಸ್ಪಿರಿಟ್ಟಿನಲ್ಲಿ ಮಜ್ಜನ ಮಾಡಿಸಿಕೊಂಡು ಕರಗಿದಿರಿ. ಹಾಡಹಗಲೇ ಇಂಥ ಮರ್ಯಾದೆ ನಮ್ಮೂರಿನ ಯಾವ ಹಿರಿಯರಿಗೂ ಸಂದಿರಲಿಲ್ಲ. ತಮ್ಮ ಸಂಗಡ ಬಂದ ಚೀಟಿಯಲ್ಲಿ ‘ಮಳೆಯಾಶ್ರಿತ ತೋಟಗಳಿಗೆ ಅತ್ಯುತ್ತಮ, ಮಳೆ ಬಾರದ ದಿನ ಸಿಂಪಡಿಸಿ’ ಎಂದಿತ್ತು. ಬಿಸಿಲೆ ಘಾಟಿಯ ಕಡೆಯಿಂದ ಬರುವ ಮೋಡಗಳಿಗೆ ಇದನ್ನು ಓದಿ ಹೇಳುವವರು ಯಾರೆಂದು ಮಾತ್ರ ಬರೆದಿರಲಿಲ್ಲ. ಆದರೂ ಮೇ ತಿಂಗಳಲ್ಲಿ ಹೇಗೋ ಒಂದು ಒಣ ದಿನ ಸಿಕ್ಕಿ ಸಿಂಪಡಿಸಿದೆವು. ಆಹಾ! ಜೂನಿನ ಗಾಳಿಗೆ ಸಿಲ್ವರ್ ಓಕ್ ಮುರಿದು ಬಿತ್ತು, ಕಿತ್ತಳೆಕಾಯಿ ಬೀಳಲಿಲ್ಲ.

ಅಲ್ಲಿಗೆ ನಿಲ್ಲಿಸಬೇಕಿತ್ತು. ಚೀಟಿಯಲ್ಲಿ ‘ಒಂದೇ ಸಲ’ ಎಂದಿತ್ತು, ಒಪ್ಪುತ್ತೇನೆ. ಆದರೆ ಕಾಫಿಗೆ ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಹೊಡೆಯುವಾಗ ಮಳೆಗೆ ಮುಂಚೆ ಒಂದು ರೌಂಡು, ಆಮೇಲೆ ಮಳೆ ಬಿಟ್ಟು ಹೊಳವಾದಾಗ ಇನ್ನೊಂದು ರೌಂಡು ಎನ್ನುವುದು ನಮ್ಮಲ್ಲಿ ತಲೆಮಾರುಗಳ ವಾಡಿಕೆ. ಒಂದಕ್ಕೇ ಕೈ ತೊಳೆದುಕೊಂಡವನನ್ನು ಸೋಮಾರಿ ಎನ್ನುತ್ತಾರೆ. ಅಕ್ಟೋಬರಿನಲ್ಲಿ ಮಳೆ ಬಿಡುವು ಕೊಟ್ಟ ಒಂದು ದಿನ, ತೋಟದ ಕೆಲಸ ನೋಡಿಕೊಳ್ಳುವ ನಮ್ಮ ರೈಟರ್ ಪುಟ್ಟಸ್ವಾಮಿ ಡ್ರಮ್ಮು ತೊಳೆದಿಟ್ಟು, “ಎರಡ್ನೇ ರೌಂಡ್ ಹೊಡೀದೆ ಬುಟ್ರೆ ಔಸ್ದಿಗೆ ಅವಮಾನ ಕಣಣ್ಣ, ಹೊಳವಾಗೈತೆ, ಹೊಡ್ದ್‌ಬುಡಾನ” ಎಂದ. ಹೊಡೆದುಬಿಟ್ಟೆವು.

ಡಿಸೆಂಬರ್ ಬಂತು. ಪಕ್ಕದ ತೋಟದಲ್ಲಿ ಉಳಿದಿದ್ದ ನಾಲ್ಕೇ ಹಣ್ಣು ಕೆಂಪಗೆ ಹೊಳೆದವು. ನಮ್ಮವು ಮರದ ತುಂಬ ಅಚ್ಚ ಹಸಿರು. ಜನವರಿಗೆ ಕಾಫಿ ಕುಯ್ಲು ಮುಗಿಯಿತು, ಆಗಲೂ ಹಸಿರು! ಬಣ್ಣ ಹಚ್ಚದೆ ರಂಗಕ್ಕೆ ನುಗ್ಗಿ, ಪಾತ್ರ ಮುಗಿದರೂ ಒಳಗೆ ಹೋಗದೆ, ಪರದೆ ಎಳೆಯುವವನನ್ನೇ ದುರುಗುಟ್ಟಿ ನೋಡುವ ನಟರನ್ನು ನಾನು ಕಂಡಿದ್ದೇನೆ. ಒಂದೊಂದು ಮರದಲ್ಲಿ ಅಂಥ ಮುನ್ನೂರು ಮಂದಿಯನ್ನು ಕಂಡದ್ದು ಇದೇ ಮೊದಲು. ಕಾಯಿ ಉದುರದಂತೆ ನೋಡಿಕೊಳ್ಳಿ ಎಂದು ಬೇಡಿದ್ದಕ್ಕೆ ತಾವು ಅವಕ್ಕೆ ಮುಪ್ಪೇ ಬಾರದ ವರ ಕೊಟ್ಟಿರಿ. ಎಂಥ ಔದಾರ್ಯ!

ಅಷ್ಟರಲ್ಲಿ ಅಖ್ತರಕ್ಕನ ಮಗ ಸೊಹೇಲ್ ಪಿಕಪ್ ತಂದು ನಿಲ್ಲಿಸಿ, “ಅಮ್ಮ ಇವತ್ತೇ ತರೋಕ್ ಹೇಳವ್ರೆ, ಇಲ್ಲಾಂದ್ರೆ ಹಲಗೆ ಇಲ್ವಂತೆ” ಎಂದ. ಇದ್ದ ಬಣ್ಣದಲ್ಲೇ ಕಿತ್ತು ತುಂಬಿಸಿ ನಾನೂ ಹತ್ತಿದೆ. ಮೊದಲ ಕುಕ್ಕೆ ಇಳಿಸುತ್ತಲೇ ಅಖ್ತರಕ್ಕ ಇಡೀ ಬಸ್ ನಿಲ್ದಾಣ ತಿರುಗಿ ನೋಡುವಂತೆ, “ಅಯ್ಯೋ ಮಾರಾಯ್ರೇ, ಕಿತ್ತಳೆ ತನ್ನಿ ಅಂದ್ರೆ ಉಪ್ಪಿನಕಾಯಿಗೆ ಹೇರಳೆಕಾಯಿ ಹೊತ್ಕಂಡ್ ಬಂದಿದೀರಲ್ಲ!” ಎಂದು ಕೂಗಿ, ನನ್ನ ಮಾನ ತೆಗೆಯುವುದಕ್ಕೆಂದೇ ಒಂದನ್ನು ಸುಲಿದು ಬಾಯಿಗಿಟ್ಟುಕೊಂಡರು. ಎರಡನೇ ತೊಳೆ ತಿಂದರು. ಮೂರನೆಯದಕ್ಕೆ ಸೊಹೇಲ್ ಕೈ ಚಾಚಿದರೆ ಕೊಡಲಿಲ್ಲ. ಆಮೇಲೆ ಅವನಿಗೆ, “ಲೇ, ಆ ನಾಗಪುರದ್ ಪೆಟ್ಟಿಗೆ ಹಿಂದಕ್ ತಳ್ಳೋ” ಎಂದು ಅಪ್ಪಣೆ ಮಾಡಿದರು. ಸುಲಿದ ಹಣ್ಣೊಂದನ್ನು ಹಲಗೆಯ ಮುಂದಿಟ್ಟು, ರಟ್ಟಿನ ಮೇಲೆ ‘ಹಸಿರು’ ಎಂದು ಸೇರಿಸಿದರು. ಒಂಬತ್ತು ದಿನದಲ್ಲಿ ಎಲ್ಲವೂ ಖಾಲಿ!

ಹಾಗಾದರೆ ದೂರೇನು ಎನ್ನುವಿರೋ? ಕೇಳಿ, ದೊರೆಗಳೇ! ಮೊನ್ನೆ ಅಖ್ತರಕ್ಕ, “ಬರೋ ವರ್ಸಾನೂ ಹಸ್ರೇ ಬೇಕು. ಕೆಂಪಿಂದು ತಂದ್ರೆ ಜನ ಡೂಪ್ಲಿಕೇಟ್ ಅಂತಾರೆ. ಆಮ್ಯಾಕೆ ಹಲಗೆ ನಿಮ್ದಲ್ಲ” ಎಂದಿದ್ದಾರೆ. ತಮ್ಮ ಚೀಟಿಯಲ್ಲಿ ಸರಿಯಾಗಿ ಮಾಡುವ ಕ್ರಮವಿದೆ; ನಾವು ಮಾಡಿದ ತಪ್ಪನ್ನು ಮತ್ತೆ ಅದೇ ಅಳತೆಗೆ ಮಾಡುವ ಕ್ರಮ ಎಲ್ಲಿದೆ? ಆ ಹೊಳವು ಯಾವ ತಾರೀಕಿನದೋ ನನಗೆ ನೆನಪಿಲ್ಲ. ಡ್ರಮ್ಮಿಗೆ ಎಷ್ಟು ಪೊಟ್ಟಣ ಸುರಿದೆ ಎಂದು ಕೇಳಿದರೆ ಪುಟ್ಟಸ್ವಾಮಿ ಬೆಳಿಗ್ಗೆ ನಾಲ್ಕು ಎನ್ನುತ್ತಾನೆ, ಸಂಜೆ ಏಳು ಎನ್ನುತ್ತಾನೆ.

ಆದಕಾರಣ ತಾವು ದಯಮಾಡಿ ಕಳೆದ ಅಕ್ಟೋಬರನ್ನು ಖುದ್ದಾಗಿ ಜ್ಞಾಪಿಸಿಕೊಂಡು, ಅದೇ ದಿನ ಅದೇ ಗಳಿಗೆಗೆ ಮಳೆಯನ್ನು ನಿಲ್ಲಿಸಿ, ಪುಟ್ಟಸ್ವಾಮಿಯ ಕೈಯನ್ನು ಅಷ್ಟೇ ಜಾರಿಸಿ, ನಮ್ಮ ಹಣ್ಣುಗಳನ್ನು ಒಳಗೆ ಮಾಗಿಸಿ ಹೊರಗೆ ಮೊಂಡು ಮಾಡಿಸಿಕೊಡಬೇಕಾಗಿ ಪ್ರಾರ್ಥನೆ.

ಅಗತ್ಯಕ್ಕಿಂತ ಒಂದು ರೌಂಡು ಹೆಚ್ಚೇ,
ತಮ್ಮ ವಿಶ್ವಾಸಿ,
ರಂಗಸ್ವಾಮಿ, ಹೊಂಗಡಹಳ್ಳ

ಮರೆತಿದ್ದ ಮಾತು: ಮುಂದಿನ ವರ್ಷ ಹಣ್ಣೇನಾದರೂ ಚೀಟಿಯಲ್ಲಿ ಹೇಳಿದಂತೆ ಕೆಂಪಗಾದರೆ ತಮ್ಮಿಂದ ಪರಿಹಾರ ಕೇಳುವುದಿಲ್ಲ, ಅಖ್ತರಕ್ಕನ ಹಲಗೆಯ ಪಕ್ಕ ನಿಂತು ತಾವೇ ಆಕೆಗೆ ಸಮಜಾಯಿಷಿ ಕೊಡಬೇಕು, ಅಷ್ಟೇ. ಸ್ಪಿರಿಟ್ಟು ನಾನು ತರುವುದಿಲ್ಲ. ಆಕೆಯ ಮುಂದೆ ಕರಗಲು ತಮಗೆ ಅದರ ಅಗತ್ಯ ಬೀಳಲಾರದು.