ಚಿಕ್ಕಪ್ಪನ ಗುಪ್ತ ಸಂದೇಶಗಳು

ನಮ್ಮ ಚಿಕ್ಕಪ್ಪನಷ್ಟು ಗುಟ್ಟಿನ ಮನುಷ್ಯ ದಾವಣಗೆರೆ, ಹರಿಹರದ ನಡುವೆ ಇನ್ನೊಬ್ಬರಿಲ್ಲ. ಬಚ್ಚಿಡಲು ಅವರ ಹತ್ತಿರ ಒಂದೇ ಒಂದು ಗುಟ್ಟೂ ಇರಲಿಲ್ಲ ಎನ್ನುವುದು ಬೇರೆ ಮಾತು!

ಹರಿಹರದಲ್ಲಿ ಕಂಪ್ಯೂಟರಿನ ಸಿ ಭಾಷೆ ಕಲಿಸುತ್ತಿದ್ದ ಅವರು, ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಗೆ ಸಂದೇಶ ಕಳಿಸಲೆಂದೇ ಸ್ವಂತ ಪ್ರೋಗ್ರಾಂ ಬರೆದಿದ್ದರು. ಮೊದಲು ಅಪ್ಪ ಪಾಸ್‌ವರ್ಡ್ ಒತ್ತಿ ತಾನು ತಾನೇ ಎಂದು ರುಜುವಾತು ಮಾಡಬೇಕು. ಆಮೇಲೆ ಚಿಕ್ಕಪ್ಪನ ಮಾತು ಹದಿನಾರು ಹದಿನಾರು ಅಕ್ಷರಗಳ ಕಟ್ಟಾಗಿ, ಕಡಿಮೆ ಬಿದ್ದಲ್ಲಿ ಚುಕ್ಕಿ ತುಂಬಿಸಿಕೊಂಡು, ಯಾರಿಗೂ ತಿಳಿಯದ ಸಂಕೇತದಲ್ಲಿ ಬಂದು ನಮ್ಮ ಕಂಪ್ಯೂಟರಿನಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಇಷ್ಟು ಭದ್ರತೆಯಲ್ಲಿ ಬರುತ್ತಿದ್ದದ್ದೇನು? "ಭಾನುವಾರ ಬೆಣ್ಣೆ ದೋಸೆ ತಿನ್ನಾಕ ಬರ್ತೀನಿ!"

"ಫೋನ್ ಮಾಡಿದ್ರ ಆಗಲ್ಲೇನೋ?" ಎಂದು ಅಪ್ಪ ಕೇಳಿದರೆ, "ಯಾರಾರ ಕದ್ದು ಕೇಳಿದ್ರೆ?" ಎನ್ನುತ್ತಿದ್ದರು.

"ಕೇಳಿದೋರೂ ದೋಸೆಗೆ ಬರ್ತಾರೆ, ಬರ್ಲಿ ಬಿಡ್ರಿ" ಎಂದು ಅಮ್ಮ ಒಳಗಿನಿಂದಲೇ ಹೇಳುತ್ತಿದ್ದಳು.

ಅವರ ಮನೆಗೆ ಹೋದರಂತೂ ಕಿಟಕಿಯಲ್ಲಿ ನನ್ನ ಮುಖ ನೋಡಿಯೂ "ಪಾಸ್‌ವರ್ಡ್?" ಎನ್ನಬೇಕೇ! ಮೂರು ಸಲ ತಪ್ಪಿದರೆ ಹತ್ತು ನಿಮಿಷ ಜಗಲಿಯೇ ಗತಿ. ಪಾಪ, ಚಿಕ್ಕಮ್ಮ ಹಿತ್ತಲ ಬಾಗಿಲು ತೆಗೆಯುತ್ತಿದ್ದರು.

ಒಂದು ಭಾನುವಾರ ಅಪ್ಪ ನೆಂಟರ ಮುಂದೆ, "ಇವನ ಪ್ರೋಗ್ರಾಂ ದೋಸೆ ಕಾಯೋ ಪೊಲೀಸು ಕಣ್ರಿ" ಎಂದುಬಿಟ್ಟರು. ಎಲ್ಲರೂ ನಕ್ಕರು. ಚಿಕ್ಕಪ್ಪ ಮಾತ್ರ "ಇನ್ನ ನಿಮ್ಮನಿಗೆ ಬರಲ್ಲ" ಎಂದು ಎದ್ದು ಹೋದರು. ಮೂರು ದಿನದ ಮೇಲೆ ಸಂದೇಶ ಬಂತು: "ಅಣ್ಣಾ, ನಾನು ಮನಿಗೆ ಇನ್ನು ಬರಲ್ಲ"

ಎರಡು ವರ್ಷ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಅಪ್ಪ ಭಾನುವಾರ ದೋಸೆ ತಿನ್ನುವುದನ್ನೇ ಬಿಟ್ಟರು. ನನಗೆ ಇಬ್ಬರ ಮೇಲೂ ಸಿಟ್ಟು. ಕೊನೆಗೆ ಹರಿಹರಕ್ಕೇ ಹೋಗಿ ಜಗಳ ತೆಗೆದೆ. "ಬರಲ್ಲ ಅಂತ ಬರೀಬೋದಾ ಚಿಕ್ಕಪ್ಪಾ?"

"ನಾ ಬರ್ದಿದ್ದು 'ಬರಲ್ಲ ಅಂದಿದ್ದು ತಪ್ಪಾತು' ಅಂತ! ನಿಮ್ಮಪ್ಪನೇ ಒಂದು ಉತ್ತರ ಕೊಡ್ಲಿಲ್ಲಲ್ಲೋ!"

ಪ್ರೋಗ್ರಾಂ ತೆರೆದು ನೋಡಿದೆವು. ಕೊನೆಯ ಕಟ್ಟಿನ ಖಾಲಿ ಜಾಗಕ್ಕೆ ಚುಕ್ಕಿ ತುಂಬುವುದು ದಂಡ ಎಂದು ಮಹಾನುಭಾವರು ಜಗಳವಾದ ವಾರವೇ ಪ್ರೋಗ್ರಾಮಿನ ಆ ಸಾಲನ್ನು ಅಳಿಸಿ 'ಸುಧಾರಣೆ' ಮಾಡಿದ್ದರು! ಚಿಕ್ಕಪ್ಪ ಒತ್ತುತ್ತಿದ್ದದ್ದು ಇಂಗ್ಲಿಷ್ ಅಕ್ಷರ. 'ಅಂದಿದ್ದು ತಪ್ಪಾತು' ಎಂಬುದಕ್ಕೆ ನಡುವಿನ ತೆರಪೂ ಸೇರಿ ಹದಿನೈದೇ ಅಕ್ಷರ; ಒಂದು ಕಡಿಮೆ. ಸೀಟು ತುಂಬದ ಆಟೋದಂತೆ ಆ ಕಟ್ಟು ಹರಿಹರ ಬಿಟ್ಟು ಹೊರಟೇ ಇರಲಿಲ್ಲ.

ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಚಿಕ್ಕಪ್ಪ ದಾವಣಗೆರೆ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಅಣ್ಣನಿಗೆ ಹೇಳಬೇಕಾದ್ದನ್ನು ಬಾಯಲ್ಲೇ ಹೇಳಿಕೊಳ್ಳುತ್ತಿದ್ದರು. ಬಾಗಿಲು ತೆರೆದ ಅಪ್ಪ ತಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಎಷ್ಟು ಸೊರಗಿಯಲ್ಲೋ!" ಎಂದರು.

ಚಿಕ್ಕಪ್ಪನಿಗೆ ಒಂದಕ್ಷರವೂ ಹೊರಡಲಿಲ್ಲ. ಅಣ್ಣನ ಹೆಗಲಿಗೆ ಮುಖವಿಟ್ಟು ಅತ್ತುಬಿಟ್ಟರು.