ಬಗ್ಗಿ ಬರುವ ಬಾಗಿಲಿನ ಕಾಲೇಜು

ಕಂಬದೊಳಗೂ ತಾನಿದ್ದೇನೆಂದು ತೋರಿಸಿಕೊಟ್ಟ ನರಸಿಂಹಸ್ವಾಮಿಗೆ ಮೊದಲ ನಮಸ್ಕಾರ. ಹೊಳೆನರಸೀಪುರದಲ್ಲಿ ಹುಟ್ಟಿ, ಕಂಬಗಳ ನಕ್ಷೆ ಬರೆದು ಹೊಟ್ಟೆ ಹೊರೆದವನು ನಾನು. ಕಂಬ ಅಂದಮೇಲೆ ಅದರಿಂದ ಯಾವಾಗ ಏನು ಹೊರಗೆ ಬರುತ್ತದೋ ಹೇಳಲಾಗದು. ನನ್ನ ಕಸುಬಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

ತೊಂಬತ್ತರ ದಶಕದ ಕೊನೆಯಲ್ಲಿ ಹಾಸನದ ಒಬ್ಬ ಆರ್ಕಿಟೆಕ್ಟರ ಆಫೀಸಿನಲ್ಲಿದ್ದೆ. ಚನ್ನರಾಯಪಟ್ಟಣದ ತೆಂಗಿನಕಾಯಿ ವ್ಯಾಪಾರಿಯೊಬ್ಬರು ಶಾಂತಿಗ್ರಾಮದ ಹತ್ತಿರ ಡಿಗ್ರಿ ಕಾಲೇಜು ಕಟ್ಟಿಸಲು ಹೊರಟರು. ಅವರೇ ಅಧ್ಯಕ್ಷರು. ಅರಕಲಗೂಡಿನ ಫಿಸಿಕ್ಸ್ ಮೇಷ್ಟ್ರೊಬ್ಬರು ಇದ್ದ ಕಾಯಂ ಕೆಲಸ ಬಿಟ್ಟು ಪ್ರಿನ್ಸಿಪಾಲರಾಗಿ ಬಂದರು. ವಿಶ್ವವಿದ್ಯಾಲಯದವರು ಬಂದು ನೋಡಿ ಮಾನ್ಯತೆ ಕೊಟ್ಟರೆ ಅದು ಕಾಲೇಜು. ಕೊಡದಿದ್ದರೆ ಬರೀ ಕಟ್ಟಡ. ಮೇಷ್ಟ್ರಿಗೆ ಅತ್ತಲೂ ಕೆಲಸವಿಲ್ಲ, ಇತ್ತಲೂ ಇಲ್ಲ.

"ಡಬ್ಬದಂಥ ಬಿಲ್ಡಿಂಗ್ ಬೇಡ, ನಮ್ಮ ಹಿಂದಿನೋರು ಕಟ್ಟಿದಂಗಿರ್ಲಿ," ಎಂದರು ಅಧ್ಯಕ್ಷರು. ಆರ್ಕಿಟೆಕ್ಟರು ಆ ಮಾತಿಗೇ ಕಾಯುತ್ತಿದ್ದರು.

೧. ಜೋಡಿ ಗುಡಿ

ಯುಗಾದಿಗೆ ಹಿಡಿದ ನಕ್ಷೆ ಗೌರಿಹಬ್ಬ ಬಂದರೂ ಮುಗಿದಿರಲಿಲ್ಲ. ಹಿಂದಿನವರು ಹೇಗೆ ಕಟ್ಟಿದರೆಂದು ತೋರಿಸಲು ಆರ್ಕಿಟೆಕ್ಟರು ನಮ್ಮನ್ನೆಲ್ಲ ಹಾಸನದ ಹತ್ತಿರದ ಮೊಸಳೆ ಎಂಬ ಊರಿಗೆ ಕರೆದುಕೊಂಡು ಹೋದರು. ಅಕ್ಕಪಕ್ಕ ಎರಡು ಗುಡಿ, ಒಂದರಲ್ಲಿ ಶಿವ, ಇನ್ನೊಂದರಲ್ಲಿ ಕೇಶವ. ಗೋಡೆ, ಗೋಪುರ ಎಲ್ಲ ಒಂದೇ ತೆರ. ಇಷ್ಟು ಕಾಲ ಜಗಳವಿಲ್ಲದೆ ಅಕ್ಕಪಕ್ಕ ಇರುವುದು ದೇವರಿಗೆ ಮಾತ್ರ ಸಾಧ್ಯ ಅಂದುಕೊಂಡು ಎರಡು ಕಡೆಯೂ ಕೈಮುಗಿದೆ.

"ನಮ್ಮ ಆರ್ಟ್ಸ್ ಬ್ಲಾಕು, ಸೈನ್ಸ್ ಬ್ಲಾಕು ಹೀಗೇ ಜೋಡಿ," ಎಂದರು ಆರ್ಕಿಟೆಕ್ಟರು.

ಅಧ್ಯಕ್ಷರು ಎರಡನ್ನೂ ಸುತ್ತಿ ಬಂದರು. "ಎರಡೂ ಒಂದೇ ಥರ ಅಲ್ವಾ ಸಾರ್?"

"ಒಂದೇ ಥರ."

"ಅಂಗಾದ್ರೆ ಬರೆಯೋದು ಒಂದೇ ನಕ್ಷೆ. ಯುಗಾದಿಯಿಂದ ಗೌರಿಹಬ್ಬದ ತನಕ ಏನ್ ಮಾಡ್ತಿದ್ರಿ?"

ಆರ್ಕಿಟೆಕ್ಟರು ನನ್ನ ಮುಖ ನೋಡಿದರು. ನಾನು ಕೇಶವನ ಮುಖ ನೋಡಿದೆ.

೨. ಬ್ರಹ್ಮನ ಜಾಗ

ನಕ್ಷೆಯ ನಡುವೆ ದೊಡ್ಡ ತೊಟ್ಟಿ; ಸುತ್ತ ಕಂಬದ ಜಗಲಿ, ಮಧ್ಯೆ ಆಕಾಶ ಕಾಣುವ ಅಂಗಳ. "ಇದು ಬ್ರಹ್ಮಸ್ಥಾನ. ಇಲ್ಲಿ ಏನೂ ಇರಕೂಡದು," ಎಂದರು ಆರ್ಕಿಟೆಕ್ಟರು.

ಅಧ್ಯಕ್ಷರಿಗೆ ಸಂಕಟ. "ಒಂದು ಮೂಲೇಲಿ ಸೈಕಲ್ ಸ್ಟ್ಯಾಂಡೂ ಬ್ಯಾಡ್ವಾ? ಬ್ರಹ್ಮಂಗೆ ಒಬ್ಬನಿಗೇ ಇಷ್ಟು ಜಾಗವಾ?"

ನಾನೇ ಬಾಯಿ ಹಾಕಿದೆ. "ಬ್ರಹ್ಮ ಸರಸ್ವತಿಯ ಯಜಮಾನರಲ್ವಾ ಸಾರ್, ಕಾಲೇಜಲ್ಲಿ ಅವರಿಗಿಲ್ಲದ ಜಾಗ ಇನ್ಯಾರಿಗೆ?"

ಅದಕ್ಕೆ ಅವರು ಒಪ್ಪಿದರು. ಅಂಗಳ ಮುಗಿದು ಕಲ್ಲುಹಾಸು ಬಿದ್ದಿತು. ಸುಗ್ಗಿಯಲ್ಲಿ ನಾವು ಹೋಗಿ ನೋಡಿದರೆ ಬ್ರಹ್ಮನ ಜಾಗದ ತುಂಬ ರಾಗಿ ಒಣಗುತ್ತಿದೆ! ಪಕ್ಕದ ಹೊಲದ ಅಜ್ಜಿಯೊಬ್ಬಳು ಕೋಲು ಹಿಡಿದು ಕಾಯುತ್ತಿದ್ದಾಳೆ.

ಆರ್ಕಿಟೆಕ್ಟರಿಗೆ ಅಳುವೇ ಬಂತು. "ಅಜ್ಜಿ, ಇದು ಖಾಲಿ ಇರಬೇಕಾದ ಜಾಗ."

"ಖಾಲಿ ಇದ್ದಿದ್ಕೇ ಆಕಿವ್ನಿ ಕಣಪ್ಪ," ಎಂದಳು ಅಜ್ಜಿ. "ತುಂಬಿದ್ರೆ ಎಲ್ಲಾಕ್ಲಿ?"

೩. ತಗ್ಗು ಬಾಗಿಲು

ನಮ್ಮ ಹಳೇ ಮನೆಗಳ ಬಾಗಿಲು ತಗ್ಗು. ಎಂಥ ದೊಡ್ಡ ಮನುಷ್ಯನಾದರೂ ತಲೆ ಬಗ್ಗಿಸಿ ಒಳಗೆ ಬರಲಿ ಎಂದು ಹಾಗೆ ಇಡುತ್ತಿದ್ದರು. ಪ್ರಿನ್ಸಿಪಾಲರ ಕೋಣೆಗೂ ಆರ್ಕಿಟೆಕ್ಟರು ಅಂಥದ್ದೇ ಬಾಗಿಲಿಟ್ಟರು. ಮೊದಲು ಹಣೆ ಜಜ್ಜಿಸಿಕೊಂಡವರು ಪ್ರಿನ್ಸಿಪಾಲರೇ.

ಒಂದು ದಿನ ರಾಗಿ ಅಜ್ಜಿ ನೀರು ಕೇಳಲು ಬಂದಳು. ಗುಡಿಯಂಥ ಕಂಬದ ಸಾಲು ನೋಡಿ ಮೆಟ್ಟು ಹೊರಗೇ ಬಿಟ್ಟು, ಬಾಗಿಲಲ್ಲಿ ಬಗ್ಗಿದಳು. ನೀರು ಕುಡಿದವಳು ಹೋಗಲೇ ಇಲ್ಲ. "ಬಗ್ಗಿ ಬಂದ್ಮ್ಯಾಲೆ ಸುಮ್ಕೆ ಓಗಾದಾ? ನಮ್ಮೆಮ್ಮೆ ಗಬ್ಬ ಕಟ್ಲಿ ಅನ್ನಿ ಸಾ."

"ಅಮ್ಮಾ, ನಾನು ಫಿಸಿಕ್ಸ್ ಪಾಠ ಮಾಡೋನು."

"ಮಾಡಿ, ಬ್ಯಾಡ ಅಂದೋರ್ಯಾರು? ಇದೊಂದ್ಮಾತು ಅನ್ಬುಡಿ."

ಅಂದುಬಿಟ್ಟರು. ದೈವಕೃಪೆ, ಎಮ್ಮೆ ಗಬ್ಬ ಕಟ್ಟಿತು. ಆಮೇಲೆ ಎಮ್ಮೆ ಇದ್ದವರೆಲ್ಲ ಬರತೊಡಗಿದರು. ಬಾಗಿಲಲ್ಲಿ ಬಗ್ಗಿದ ತಲೆ ಕಂಡರೆ ಸಾಕು, ಪ್ರಿನ್ಸಿಪಾಲರ ಬಲಗೈ ತಾನಾಗಿ ಮೇಲೇಳುವಷ್ಟು ರೂಢಿಯಾಯಿತು.

ಕಡೆಗೆ ವಿಶ್ವವಿದ್ಯಾಲಯದ ಸಮಿತಿ ಬಂತು. ಅದರ ಹಿರಿಯರು ತೆಂಗಿನಮರದಂತೆ ಎತ್ತರ, ಮುಖದಲ್ಲಿ ನಗುವಿಲ್ಲ. ಗೇಟಿನಲ್ಲೇ ಕೇಳಿದರು: "ಇದು ಕಾಲೇಜೋ, ಮಠವೋ?" ಲ್ಯಾಬು, ಲೈಬ್ರರಿ ಎಲ್ಲ ನೋಡಿ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು. ನಾನು ನರಸಿಂಹಸ್ವಾಮಿಯನ್ನು ನೆನೆಯುತ್ತ ಹಿಂದೆ ನಡೆದೆ.

ಪ್ರಿನ್ಸಿಪಾಲರು ಮುಂದಾಗಿ ಓಡಿ ತಮ್ಮ ಕೋಣೆಯಲ್ಲಿ ಬೆವರುತ್ತ ನಿಂತರು. ಹಿರಿಯರು ಬಾಗಿಲಿಗೆ ಬಂದರು. ಆ ಎತ್ತರಕ್ಕೆ ಸೊಂಟದವರೆಗೂ ಬಗ್ಗಬೇಕಾಯಿತು. ಬಗ್ಗಿದ್ದೇ ತಡ, ಪ್ರಿನ್ಸಿಪಾಲರ ಕೈ ಮೇಲೆದ್ದಿತು.

"ಒಳ್ಳೇದಾಗ್ಲಿ. ಎಮ್ಮೆ ಗಬ್ಬ ಕಟ್ಲಿ."

ಅಧ್ಯಕ್ಷರು ಗೋಡೆ ಹಿಡಿದುಕೊಂಡರು. ಹಿರಿಯರು ನಿಧಾನವಾಗಿ ನೆಟ್ಟಗಾದರು.

"ನಮ್ಮನೇಲಿ ಎಮ್ಮೆ ಇಲ್ಲ ಸ್ವಾಮಿ," ಎಂದರು. "ಮಾನ್ಯತೆ ಬೇಡೋರೂ ನೀವೇ, ವರ ಕೊಡೋರೂ ನೀವೇನಾ?" ಅಷ್ಟು ಹೇಳಿ, ಬೆಳಗಿನಿಂದ ಬಿಗಿಹಿಡಿದಿದ್ದ ನಗುವನ್ನು ಬಿಟ್ಟರು ನೋಡಿ, ತೊಟ್ಟಿಯ ಪಾರಿವಾಳಗಳೆಲ್ಲ ಎದ್ದವು. "ಲ್ಯಾಬು ಚೆನ್ನಾಗಿದೆ, ಗಾಳಿ ಬೆಳಕು ಚೆನ್ನಾಗಿದೆ. ಮಾನ್ಯತೆ ಕೊಡ್ತೀವಿ, ಕಾಲೇಜು ನಡೆಸಿ."

ಹೊರಗೆ ಹೋಗುವಾಗಲೂ ಬಗ್ಗಲೇಬೇಕಲ್ಲ. ಬಗ್ಗಿದವರು ಹಾಗೇ ನಿಂತು ಕೇಳಿದರು: "ಈಗ ಏನೂ ಹೇಳಲ್ವಾ?"

ಪ್ರಿನ್ಸಿಪಾಲರು ಕಣ್ಣೊರೆಸಿಕೊಳ್ಳುತ್ತ ನಿಂತರು. ತಮಾಷೆ ನೋಡಲು ಬಂದು ಜಗಲಿಯಲ್ಲಿ ಕೂತಿದ್ದ ರಾಗಿ ಅಜ್ಜಿ ಕೂಗಿದಳು: "ಅದೇನ್ ಅಂದ್ಬುಡಿ ಸಾ, ಪಾಪ, ಸೊಂಟ ಇಡ್ಕಂಡಾತು!"

ಬಗ್ಗಿ ಬಂದವರನ್ನು ಬರಿಗೈಲಿ ಕಳಿಸದ ನರಸಿಂಹಸ್ವಾಮಿ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಒಳ್ಳೆಯದು ಮಾಡಲಿ. ಮನೆಯಲ್ಲಿ ಎಮ್ಮೆ ಇದ್ದರೆ, ಅದೂ ಗಬ್ಬ ಕಟ್ಟಲಿ.